ರಿಪೇರಿಗೆ ಅನುಮತಿ ಕೇಳಿದವರಿಗೆ ದಾರಿ ತೋರಿಸಿ: ಬೀದರ್ ಹಳೆ ಊರಿನಿಂದ ಒಂದು ಬಹಿರಂಗ ಪತ್ರ

ಬೀದರ್ ಹಳೆ ಊರಿನಲ್ಲಿ ಕಟ್ಟಡಗಳಿಗೆ ಅನುಮತಿ ಕೊಡುವ, ತಡೆಯುವ, ತಪಾಸಣೆ ಮಾಡುವ ಎಲ್ಲ ಅಧಿಕಾರಿಗಳಿಗೆ,
ಹಾಗೂ ನಮ್ಮ ಓಟು ಪಡೆದು ಆರಿಸಿ ಹೋದ ಪ್ರತಿನಿಧಿಗಳಿಗೆ,

ಮಾನ್ಯರೇ,

ನಾನು ಮನೆಗಳ ನಕ್ಷೆ ಬರೆದು ಹೊಟ್ಟೆ ಹೊರೆಯುವವನು. ವಾಸ ಬೀದರಿನ ಹಳೆ ಊರಿನಲ್ಲಿ, ಮಹಮೂದ್ ಗವಾನ್ ಮದರಸಾ ಎಂಬ ರಕ್ಷಿತ ಸ್ಮಾರಕದ ಹತ್ತಿರ. ಈ ಸುತ್ತಿನ ಜನ ಮಾಳಿಗೆ ಸೋರಿದರೆ, ಗೋಡೆ ಬಿರುಕು ಬಿಟ್ಟರೆ, ಮಗನ ಮದುವೆಗೆ ಮುಂಚೆ ಒಂದು ಕೋಣೆ ಬೇಕಾದರೆ ಮೊದಲು ನನ್ನ ಹತ್ತಿರ ಬರುತ್ತಾರೆ. ಹಾಗಾಗಿ ಅವರ ಗೋಳು ನನಗೆ ಕಾಗದಪತ್ರದ ಸಮೇತ ಗೊತ್ತು. ಅದನ್ನು ತಮ್ಮ ಮುಂದೆ ಇಡಲು ಈ ಪತ್ರ ಬರೆಯುತ್ತಿದ್ದೇನೆ. ಯಾವ ಕಚೇರಿಯ ಹೆಸರನ್ನೂ, ಯಾವ ನೌಕರರ ಹೆಸರನ್ನೂ ಇಲ್ಲಿ ಎತ್ತುವುದಿಲ್ಲ. ಒಬ್ಬರನ್ನು ಬಯ್ದು, ವರ್ಗ ಮಾಡಿಸಿದರೆ ತೀರುವ ವಿಷಯ ಇದಲ್ಲ.

ಮೊದಲೇ ಹೇಳಿಬಿಡುತ್ತೇನೆ. ಸ್ಮಾರಕಗಳ ಸುತ್ತ ಇರುವ ನಿರ್ಬಂಧ ತೆಗೆದುಹಾಕಿ ಎಂದು ನಾನು ಕೇಳುತ್ತಿಲ್ಲ. ನಿರ್ಬಂಧ ಇರಲಿ. ಕಾನೂನು ನಮಗೆ ಈಗಾಗಲೇ ಕೊಟ್ಟಿರುವುದನ್ನು ನಮ್ಮ ಕೈಗೆ ಸಿಗುವ ಹಾಗೆ ಮಾಡಿ ಎಂದಷ್ಟೇ ಕೇಳುತ್ತಿದ್ದೇನೆ.

ತಮಗೆ ಕಾಯ್ದೆ ಬಾಯಿಪಾಠ ಇರಬಹುದು. ಈ ಪತ್ರ ಓದುವ ಊರಿನವರಿಗಾಗಿ ಎರಡು ಮಾತು ಬರೆಯುತ್ತೇನೆ. ಕೇಂದ್ರ ಸರ್ಕಾರದ ಪ್ರಾಚೀನ ಸ್ಮಾರಕಗಳ ಕಾಯ್ದೆ 1958ರದ್ದು. ಅದಕ್ಕೆ 2010ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಗಡಿಯಿಂದ ಸುತ್ತಲೂ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿಂದ ಮುಂದಕ್ಕೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ಇರುವ ಮನೆಯ ಮೇಲೆ ಮಹಡಿ ಏರಿಸುವಂತಿಲ್ಲ, ಪಕ್ಕಕ್ಕೆ ಚಾಚುವಂತಿಲ್ಲ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಕಟ್ಟಬಹುದು. ತಪ್ಪಿ ನಡೆದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇಷ್ಟು ಊರಿಗೆಲ್ಲ ಗೊತ್ತಿದೆ. ಗೊತ್ತಿಲ್ಲದೆ ಉಳಿದಿರುವುದು ಅದೇ ಕಾಯ್ದೆಯ 20-ಸಿ ಕಲಮು. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯಾದರೆ, ಅದು 100 ಮೀಟರ್ ಒಳಗೇ ಇದ್ದರೂ, ಅದರ ದುರಸ್ತಿಗೆ, ನವೀಕರಣಕ್ಕೆ ಮಾಲೀಕರು ಅರ್ಜಿ ಹಾಕಬಹುದು. ಬೀದರ್ ಹಳೆ ಊರಿನಲ್ಲಿ 1992ಕ್ಕಿಂತ ಹಳೆಯ ಮನೆಗಳಿಗೆ ಬರವೇ? ನಿಜಾಮರ ಕಾಲಕ್ಕಿಂತ ಹಿಂದಿನ ಗೋಡೆಗಳ ನಡುವೆ ಈಗಲೂ ಸಂಸಾರ ನಡೆಸುವವರು ಇದ್ದಾರೆ. ಈ ಕಲಮು ಬರೆದದ್ದೇ ಇಂಥವರಿಗಾಗಿ ಅನ್ನಿಸುತ್ತದೆ. ಆದರೆ ಇವರಿಗೇ ಇದನ್ನು ಯಾರೂ ಹೇಳಿಲ್ಲ.

ಹೇಳದಿದ್ದರೆ ಒಂದು ಮಾತು. ಕೇಳಿದವರಿಗೆ ತಪ್ಪು ಹೇಳಿ ಕಳಿಸುವುದನ್ನು ಕಂಡಿದ್ದೇನೆ.

ನಮ್ಮ ಓಣಿಯ ಹಿಂದಿನ ಗಲ್ಲಿಯಲ್ಲಿ ಒಬ್ಬ ಅವ್ವ ಇದ್ದಾರೆ. ಮಕ್ಕಳು ಹೈದರಾಬಾದಿನಲ್ಲಿ ದುಡಿಯುತ್ತಾರೆ, ಇವರು ಒಬ್ಬರೇ ಇಲ್ಲಿ. ಕೆಂಪುಕಲ್ಲಿನ ಗೋಡೆ, ಚುನಾ ಅಂದರೆ ಸುಣ್ಣದ ಗಾರೆ, ಪಡಸಾಲೆಯಲ್ಲಿ ಎರಡು ಕಮಾನು, ನಡುವೆ ಅಂಗಳ, ಸಾಗವಾನಿ ತೊಲೆಗಳ ಮೇಲೆ ಮಣ್ಣಿನ ಮಾಳಿಗೆ. ನೋಡಿದರೆ ಕಣ್ಣು ತಣ್ಣಗಾಗುವ ಮನೆ. ಅದರ ಎರಡು ತೊಲೆಗಳಿಗೆ ಗೆದ್ದಲು ಹಿಡಿದಿತ್ತು. "ಮ್ಯಾಲಿಂದ ಮಣ್ಣು ಬೀಳ್ಲಾಕತ್ತದ ತಮ್ಮಾ, ರಾತ್ರಿ ಮಲಗ್ಲಾಕ ಅಂಜಿಕಿ ಬರ್ತದ" ಎಂದು ಕರೆಸಿದರು. ಹೋಗಿ ನೋಡಿದೆ. ತೊಲೆ ಎರಡು ಬದಲಿಸಬೇಕು, ಆ ಭಾಗದ ಮಣ್ಣು ತೆಗೆದು ಹೊಸದಾಗಿ ಹಾಕಬೇಕು. ಅಷ್ಟೇ ಕೆಲಸ. ಮನೆಯ ಎತ್ತರ ಒಂದು ಇಂಚೂ ಜಾಸ್ತಿ ಆಗುವುದಿಲ್ಲ, ಬೀದಿಯಿಂದ ನೋಡಿದವರಿಗೆ ಏನಾಯಿತೆಂದೇ ತಿಳಿಯುವುದಿಲ್ಲ.

ಅವ್ವ ಕಾನೂನಿಗೆ ಹೆದರುವವರು. ಕೇಳಿಯೇ ಮಾಡೋಣ ಎಂದರು. ನಾನೇ ಜೊತೆಗೆ ಒಂದು ಕಚೇರಿಗೆ ಹೋದೆ. ಅಲ್ಲಿನವರು ಕಾಗದ ಕೈಗೆ ತೆಗೆದುಕೊಳ್ಳಲೂ ಇಲ್ಲ. "ಆಗಲ್ರಿ. ನೂರು ಮೀಟರ್‌ದಾಗ ಏನೂ ಮಾಡಂಗಿಲ್ಲ" ಎಂದರು. ಇದು ದುರಸ್ತಿ ಮಾತ್ರ, ಹೊಸ ಕಟ್ಟಡ ಅಲ್ಲ ಎಂದೆ. "ಎಲ್ಲಾ ಒಂದೇರಿ" ಎಂದರು. ಇನ್ನೊಂದು ಕಚೇರಿಯಲ್ಲಿ, ಇದು ನಮಗೆ ಬರುವುದಿಲ್ಲ, ದೆಹಲಿಯಿಂದ ಬರಬೇಕು ಎಂದರು. ದೆಹಲಿಗೆ ಹೇಗೆ ಹೋಗುವುದು ಎಂದರೆ ಆನ್‌ಲೈನ್ ಹಾಕಿ ಎಂದರು. ಆನ್‌ಲೈನ್‌ನಲ್ಲಿ ಹಾಕಲು ಕಾಗದಗಳು ಬೇಕು, ಆ ಕಾಗದಗಳಿಗೆ ಮತ್ತೆ ಮೊದಲನೇ ಕಚೇರಿಯ ಸಹಿ ಬೇಕು.

ಇಷ್ಟರಲ್ಲಿ ಮಳೆಗಾಲ ಬಂತು. ಮಾಳಿಗೆಯ ಒಂದು ಮೂಲೆ ಕುಸಿಯಿತು. ಪುಣ್ಯಕ್ಕೆ ಅವ್ವ ಆಗ ಅಡುಗೆಮನೆಯಲ್ಲಿದ್ದರು.

ಈಗ ತಾವು ದಯವಿಟ್ಟು ಒಂದು ವಿಷಯ ಗಮನಿಸಬೇಕು. ಈ ಪತ್ರದ ಮುಖ್ಯ ಮಾತು ಇದೇ. ಕಾಯ್ದೆಯ ಪ್ರಕಾರ 100 ಮೀಟರ್ ಒಳಗೆ ದುರಸ್ತಿಗೆ ಅವಕಾಶ ಇದೆ, ಆದರೆ ಬಿದ್ದ ಮನೆಯನ್ನು ಮತ್ತೆ ಕಟ್ಟಲು ಅವಕಾಶ ಇಲ್ಲ. ದುರಸ್ತಿ ಎಂದರೆ ಇರುವ ಕಟ್ಟಡದಲ್ಲಿ ಮಾಡುವ ಬದಲಾವಣೆ, ಅದರಲ್ಲಿ ಪುನರ್ನಿರ್ಮಾಣ ಸೇರುವುದಿಲ್ಲ ಎಂದು ಕಾಯ್ದೆಯೇ ಬಿಡಿಸಿ ಹೇಳಿದೆ. ಅಂದರೆ ಮನೆ ನಿಂತಿರುವಾಗ ಮಾತ್ರ ಅದರ ಮಾಲೀಕರಿಗೆ ಹಕ್ಕು ಇರುತ್ತದೆ. ತೊಲೆ ಮುರಿದು, ಗೋಡೆ ಕುಸಿದು ನೆಲಸಮವಾದ ಮೇಲೆ ಉಳಿಯುವುದು ಖಾಲಿ ಜಾಗ. ಅದರ ಮೇಲೆ ಏನೂ ಕಟ್ಟುವಂತಿಲ್ಲ. ಹೀಗಿರುವಾಗ ಅರ್ಜಿ ತೆಗೆದುಕೊಳ್ಳದೆ ವಾಪಸ್ ಕಳಿಸುವುದನ್ನು ಬರೀ ತಡ ಎಂದು ಹೇಗೆ ಕರೆಯುವುದು? ನೋಟಿಸೂ ಇಲ್ಲದೆ, ಆದೇಶವೂ ಇಲ್ಲದೆ ಒಬ್ಬರನ್ನು ಅವರ ಮನೆಯಿಂದ ಹೊರಗೆ ಹಾಕಿದ ಹಾಗೆ ಆಗುತ್ತದೆ. ಯಾರ ಮೇಲೂ ತಪ್ಪು ಬರುವುದಿಲ್ಲ, ಮಳೆಯ ಮೇಲೆ ಬರುತ್ತದೆ.

ಕಾಯ್ದೆಯಲ್ಲಿ ಗಡುವುಗಳೂ ಇವೆ. ಅರ್ಜಿ ಬಂದ 15 ದಿನದೊಳಗೆ ಸಕ್ಷಮ ಪ್ರಾಧಿಕಾರ, ಅಂದರೆ ಅನುಮತಿ ಕೊಡುವ ಅಧಿಕಾರಿ, ಅದನ್ನು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿಂದ ಎರಡು ತಿಂಗಳೊಳಗೆ ಅಭಿಪ್ರಾಯ ಬರಬೇಕು. ಅದು ಬಂದ ಒಂದು ತಿಂಗಳೊಳಗೆ ಒಪ್ಪಬೇಕು ಅಥವಾ ನಿರಾಕರಿಸಬೇಕು. ನಿರಾಕರಿಸುವುದಾದರೆ ಅರ್ಜಿದಾರರ ಮಾತು ಕೇಳಿ, ಬರಹದಲ್ಲಿ ತಿಳಿಸಬೇಕು. ಲೆಕ್ಕ ಹಾಕಿ ನೋಡಿ. ಸಂಕ್ರಾಂತಿಗೆ ಅರ್ಜಿ ಹಾಕಿದವರಿಗೆ ಮೇ ಶುರುವಿನಲ್ಲಿ ಉತ್ತರ ಸಿಗಬೇಕು, ಮುಂಗಾರಿಗೆ ಮುಂಚೆ ತೊಲೆ ಬದಲಿಸಲು ಒಂದು ತಿಂಗಳಾದರೂ ಕೈಯಲ್ಲಿ ಇರಬೇಕು. ಆದರೆ ಗಡುವು ಶುರುವಾಗುವುದು ಅರ್ಜಿ ಸ್ವೀಕರಿಸಿದ ದಿನದಿಂದ. ಸ್ವೀಕರಿಸದಿದ್ದರೆ ಗಡಿಯಾರ ಓಡುವುದೇ ಇಲ್ಲ. ಬಾಯಿಮಾತಿನಲ್ಲಿ "ಆಗಲ್ರಿ" ಎಂದು ಕಳಿಸಿದ ಅರ್ಜಿ ಯಾವ ದಾಖಲೆಯಲ್ಲೂ ಕಾಣುವುದಿಲ್ಲ. ಕಾಣದ ಅರ್ಜಿಗೆ ಮೇಲ್ಮನವಿಯನ್ನಾದರೂ ಎಲ್ಲಿ ಹಾಕುವುದು?

ಕಾಗದಗಳ ಕಥೆಗೆ ಬರುತ್ತೇನೆ. ಮನೆ 1992ಕ್ಕಿಂತ ಹಳೆಯದು ಎಂದು ತೋರಿಸಬೇಕು. ಸರಿಯಾದ ನಿಯಮ. ಆದರೆ ಬೀದರ್ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಆಡಳಿತದ ಭಾಷೆ ಉರ್ದು. ಹಳೆ ಊರಿನ ಎಷ್ಟೋ ಮನೆಗಳ ಕ್ರಯಪತ್ರ, ಪಾಲುಪಟ್ಟಿಗಳು ಉರ್ದುವಿನಲ್ಲೇ ಇವೆ. ಮುಸ್ಲಿಮರ ಮನೆಯವು ಮಾತ್ರ ಅಲ್ಲ, ಲಿಂಗಾಯತರ, ಬ್ರಾಹ್ಮಣರ, ಮರಾಠರ ಮನೆಯವೂ ಹಾಗೇ ಇವೆ. ಅವ್ವನ ಮಾವನವರ ಕಾಲದ ಪತ್ರವೂ ಉರ್ದುವಿನದೇ. ಅದನ್ನು ನೋಡಿದ ನೌಕರರು "ಇದನ್ನ ಓದೋರು ಯಾರ್ರಿ" ಎಂದು ಪಕ್ಕಕ್ಕಿಟ್ಟರು. ಎಲ್ಲಕ್ಕಿಂತ ಗಟ್ಟಿ ಪುರಾವೆ ಕೈಯಲ್ಲೇ ಇತ್ತು, ಓದುವವರಿಲ್ಲದೆ ಅದು ಹಳೆ ಕಾಗದವಾಯಿತು. ಹೊರಗೆ ಭಾಷಾಂತರ ಮಾಡಿಸಿದರೆ ಅದಕ್ಕೆ ಅಧಿಕೃತ ಮುದ್ರೆ ಇಲ್ಲ ಎನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಉರ್ದು ಓದಬಲ್ಲವರಿಗೆ ಕೊರತೆಯೇ? ಒಬ್ಬರನ್ನು ನೇಮಿಸಿ, ಅವರ ಭಾಷಾಂತರವನ್ನು ಎಲ್ಲ ಕಚೇರಿಗಳೂ ಒಪ್ಪಬೇಕು ಎಂದು ಒಂದು ಸುತ್ತೋಲೆ ಹೊರಡಿಸಿದರೆ ಮುಗಿಯಿತು.

ಅಳತೆಯದು ಇನ್ನೊಂದು ತಮಾಷೆ. 100 ಮೀಟರನ್ನು ಸ್ಮಾರಕದ ರಕ್ಷಿತ ಗಡಿಯಿಂದ ನೇರವಾಗಿ ಅಳೆಯಬೇಕು. ಒಮ್ಮೆ ಬಂದವರು ಮದರಸಾದ ಗೋಡೆಯಿಂದ ಟೇಪು ಹಿಡಿದರು, ಇನ್ನೊಮ್ಮೆ ಬಂದವರು ಕಾಂಪೌಂಡಿನಿಂದ ಹಿಡಿದರು. ಒಬ್ಬರಂತೂ ಗಲ್ಲಿಯ ತಿರುವುಗಳ ಜೊತೆ ತಿರುಗುತ್ತಾ ಅಳೆದರು. ಹೀಗೆ ಅಳೆದರೆ ಒಂದೇ ಮನೆ ಸೋಮವಾರ ನಿಷೇಧಿತ ಪ್ರದೇಶದಲ್ಲಿ, ಗುರುವಾರ ನಿಯಂತ್ರಿತ ಪ್ರದೇಶದಲ್ಲಿ ಇರುತ್ತದೆ. ಇಸ್ರೋ ನೆರವಿನಿಂದ ಸ್ಮಾರಕಗಳ ಸುತ್ತಲಿನ ಪ್ರದೇಶಗಳ ನಕಾಶೆ ಮಾಡಿದ್ದಾರೆ. ಒಳ್ಳೆಯ ಕೆಲಸ. ಆದರೆ ಉಪಗ್ರಹದಿಂದ ಕಾಣುವ ಗೆರೆ ನಮ್ಮ ಗಲ್ಲಿಯಲ್ಲಿ ನಿಂತವರಿಗೆ ಕಾಣುವುದಿಲ್ಲ. ಎಲ್ಲಿ 100 ಮೀಟರ್ ಮುಗಿಯುತ್ತದೆ, ಎಲ್ಲಿ 300 ಮುಗಿಯುತ್ತದೆ ಎಂದು ಬೀದಿಯ ಮೂಲೆಗಳಲ್ಲಿ ಒಂದೊಂದು ಕಲ್ಲು ನೆಡಿಸಿ, ಅದರ ಮೇಲೆ ಕನ್ನಡದಲ್ಲಿ, ಉರ್ದುವಿನಲ್ಲಿ ಬರೆಸಿ. ಆಗ ಜಾಗ ಕೊಳ್ಳುವವರು ಕೊಳ್ಳುವ ಮುಂಚೆಯೇ ನೋಡಿಕೊಳ್ಳುತ್ತಾರೆ. ಈಗ ಹಣ ಕೊಟ್ಟು, ನೋಂದಣಿ ಮಾಡಿಸಿ, ಪಾಯ ತೋಡಿದ ಮೇಲೆ ನೋಟಿಸು ಬರುತ್ತದೆ.

ಇಂಥ ಗೊಂದಲ ಇರುವ ಕಡೆ ದಲ್ಲಾಳಿ ಇರುತ್ತಾನೆ. "ನಾನು ಮಾಡಿಸ್ತೀನಿ, ಇಲ್ಲಿ ಸಹಿ ಹಾಕ್ರಿ" ಎಂದು ಖಾಲಿ ಹಾಳೆಯ ಮೇಲೆ ಸಹಿ ಹಾಕಿಸಿಕೊಳ್ಳುತ್ತಾನೆ. ಇದನ್ನು ನೋಡುವಾಗಲೆಲ್ಲ ನನಗೆ ಮಹಮೂದ್ ಗವಾನ್ ನೆನಪಾಗುತ್ತಾರೆ. ಪರ್ಷಿಯಾದ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮನುಷ್ಯ, 1472ರಲ್ಲಿ ಈ ಮದರಸಾ ಕಟ್ಟಿಸಿದವರು. ಅವರ ವಿರೋಧಿಗಳು ಅವರ ಮುದ್ರೆ ಬಿದ್ದ ಖಾಲಿ ಹಾಳೆಯೊಂದನ್ನು ಸಂಪಾದಿಸಿ, ಅದರ ಮೇಲೆ ಒರಿಸ್ಸಾದ ರಾಜನಿಗೆ ಬರೆದಂತೆ ರಾಜದ್ರೋಹದ ಪತ್ರ ಬರೆದರು ಎಂದು ಚರಿತ್ರೆಕಾರರು ಹೇಳುತ್ತಾರೆ. ಸುಲ್ತಾನ ವಿಚಾರಿಸಲಿಲ್ಲ. 1481ರಲ್ಲಿ ಅವರ ತಲೆ ಹೋಯಿತು. ಅವರು ಕಟ್ಟಿಸಿದ ಕಟ್ಟಡದ ಸುತ್ತಮುತ್ತ ಈಗಲೂ ಜನ ಖಾಲಿ ಹಾಳೆಗೆ ಸಹಿ ಹಾಕುತ್ತಿದ್ದಾರೆ. ಅರ್ಜಿ ನಮೂನೆ ಕನ್ನಡದಲ್ಲಿ ಇದ್ದು, ತುಂಬಲು ಯಾರಾದರೂ ಕೂತು ನೆರವಾದರೆ ದಲ್ಲಾಳಿಗೆ ಯಾರು ದುಡ್ಡು ಕೊಡುತ್ತಾರೆ?

ದಲ್ಲಾಳಿಯನ್ನೂ ನಂಬದವರು ರಾತ್ರಿ ಕೆಲಸ ಮಾಡಿಸುತ್ತಾರೆ. ಶನಿವಾರ ಸಂಜೆ ಮರಳು ಬೀಳುತ್ತದೆ, ಸೋಮವಾರ ಬೆಳಗಾಗುವಷ್ಟರಲ್ಲಿ ಮಣ್ಣಿನ ಮಾಳಿಗೆ ಇದ್ದ ಕಡೆ ಸ್ಲ್ಯಾಬು ಇರುತ್ತದೆ. ತಪಾಸಣೆಗೆ ಬರುವವರಿಗೆ ರಜೆ ಅಲ್ವಾ. ಹೀಗೆ ಕದ್ದು ಮಾಡುವ ಕೆಲಸದಿಂದ ಆಗುವ ಹಾಳು ಎಷ್ಟು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದು ನನ್ನ ಕಸುಬಿನ ವಿಷಯ.

ನಮ್ಮ ಊರು ಕೂತಿರುವುದೇ ಕೆಂಪುಕಲ್ಲಿನ ಎತ್ತರದ ನೆಲದ ಮೇಲೆ. ಇಲ್ಲಿನ ಗೋಡೆಗಳೂ ಹೆಚ್ಚಾಗಿ ಅದೇ ಕಲ್ಲಿನವು. ಈ ಕಲ್ಲಿನ ಮೈತುಂಬ ಸಣ್ಣ ರಂಧ್ರಗಳು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಚುನಾ ಗಾರೆ ಆ ತೇವವನ್ನು ಹೊರಗೆ ಹೋಗಲು ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ. ಸಿಮೆಂಟು ಬಳಿದ ಕೆಂಪುಕಲ್ಲಿನ ಗೋಡೆ ಮಳೆಯಲ್ಲಿ ಪ್ಲಾಸ್ಟಿಕ್ ಅಂಗಿ ತೊಟ್ಟವರ ಹಾಗೆ, ಹೊರಗೆ ಒಣಗಿದಂತೆ ಕಂಡರೂ ಒಳಗೆಲ್ಲ ಒದ್ದೆ. ತೇವದ ಜೊತೆ ಉಪ್ಪು ಬರುತ್ತದೆ, ಸಿಮೆಂಟಿನ ಹಿಂದೆ ಕಲ್ಲು ಪುಡಿಯಾಗುತ್ತಾ ಹೋಗುತ್ತದೆ. ಕೆಲವು ವರ್ಷ ಬಿಟ್ಟು ಸಿಮೆಂಟಿನ ಪದರ ಹಪ್ಪಳಿಸಿ ಬೀಳುವಾಗ ಕಲ್ಲಿನ ಮುಖವನ್ನೂ ಕಿತ್ತುಕೊಂಡೇ ಬೀಳುತ್ತದೆ. ಇನ್ನು ಆ ಗೋಡೆಯ ಮೇಲೆ ಕಾಂಕ್ರೀಟ್ ಸ್ಲ್ಯಾಬಿನ ಭಾರ ಹೇರಿದರೆ ಕಮಾನಿನ ಕಾಲುಗಳು ಪಕ್ಕಕ್ಕೆ ಸರಿಯತೊಡಗುತ್ತವೆ. ಬಿರುಕು ಮೊದಲು ಕಾಣುವುದು ಪಕ್ಕದ ಮನೆಯಲ್ಲಿ, ಏಕೆಂದರೆ ಹಳೆ ಊರಿನಲ್ಲಿ ಎರಡು ಮನೆಗೆ ನಡುವೆ ಒಂದೇ ಗೋಡೆ.

ಚುನಾದ ಕೆಲಸ ಬಲ್ಲ ಗೌಂಡಿಗಳು ಈಗಲೂ ಇದ್ದಾರೆ, ಆದರೆ ಬಹಳ ಕಡಿಮೆ. ಸುಣ್ಣ ನೆನೆಹಾಕಿ ಕೊಳೆಸಬೇಕು, ಬೆಲ್ಲದ ನೀರು, ಬಿಲ್ವದ ಕಾಯಿಯ ತಿರುಳು ಕೂಡಿಸಬೇಕು, ಬಳಿದ ಮೇಲೆ ದಿನಗಟ್ಟಲೆ ತೇವ ಆರದಂತೆ ನೋಡಿಕೊಳ್ಳಬೇಕು. ಇದು ರಾತ್ರೋರಾತ್ರಿ ಆಗುವ ಕೆಲಸವೇ ಅಲ್ಲ. ಹಗಲು ಹೊತ್ತಿನಲ್ಲಿ, ಹೆದರಿಕೆ ಇಲ್ಲದೆ, ನಿಧಾನವಾಗಿ ಮಾಡುವ ಕೆಲಸ. ಅನುಮತಿ ಇಲ್ಲದ ಮನೆಗೆ ಚುನಾದ ಗೌಂಡಿ ಬರುವುದಿಲ್ಲ, ಸಿಮೆಂಟಿನವನೇ ಬರುತ್ತಾನೆ. ಪರಂಪರೆ ಉಳಿಸಲೆಂದು ಮಾಡಿದ ನಿಯಮ ಸರಿಯಾಗಿ ತಲುಪದೆ ಸಿಮೆಂಟಿನ ವ್ಯಾಪಾರವನ್ನು ಬೆಳೆಸಿದೆ.

ಇಷ್ಟಾದರೂ ದೊಡ್ಡವರು ಕಟ್ಟುವುದು ನಿಂತಿಲ್ಲ. ಅವ್ವನ ಎರಡು ತೊಲೆಗೆ ದಾರಿ ಸಿಗದ ಅದೇ ದಿನಗಳಲ್ಲಿ, ಅದೇ ರಸ್ತೆಯ ತುದಿಯಲ್ಲಿ ಕೆಳಗೆ ಅಂಗಡಿ, ಮೇಲೆ ಮೇಲೆ ಮಹಡಿ ಇರುವ ಕಟ್ಟಡ ಎದ್ದು ನಿಂತಿತು. ನಡುವೆ ಒಂದು ನೋಟಿಸು ಬಂತು ಎಂದು ಕೇಳಿದೆ. ಕೆಲಸ ಕೆಲವು ದಿನ ನಿಂತಿತು, ಮತ್ತೆ ನಡೆಯಿತು. ಈಗ ಅಲ್ಲಿ ಅಂಗಡಿಗಳು ಬಾಡಿಗೆಗೆ ಹೋಗಿವೆ. ಆ ಕಟ್ಟಡಕ್ಕೆ ಅನುಮತಿ ಇದ್ದರೆ ಆ ಪ್ರತಿಯನ್ನು ಊರಿಗೆ ತೋರಿಸಿ, ನಾನು ಸುಮ್ನೆ ಕೂರುತ್ತೇನೆ. ಇಲ್ಲದಿದ್ದರೆ ಅದು ಕಣ್ಣೆದುರೇ ಹೇಗೆ ಎದ್ದಿತು ಎಂದು ಹೇಳಿ. ಇಂಥ ಕಟ್ಟಡಕ್ಕೆ ಒಪ್ಪಿಗೆ ಕೊಟ್ಟ ಅಥವಾ ಕೈಜೋಡಿಸಿದ ಕೇಂದ್ರ ಸರ್ಕಾರದ ಅಧಿಕಾರಿಗಳಿಗೆ ಮೂರು ವರ್ಷದವರೆಗೆ ಶಿಕ್ಷೆ ಎಂದು ಕಾಯ್ದೆಯಲ್ಲೇ ಇದೆ. ಮಾಲೀಕನಿಗಿಂತ ಒಂದು ವರ್ಷ ಜಾಸ್ತಿ. ಕಾಯ್ದೆ ಬರೆದವರಿಗೆ ಲೋಕ ಚೆನ್ನಾಗಿ ಗೊತ್ತಿತ್ತು.

ಸರ್ಕಾರಿ ಕೆಲಸಗಳ ಬಗ್ಗೆಯೂ ಹೇಳದೆ ಇರಲಾರೆ. ಚರಂಡಿ, ಸಾರ್ವಜನಿಕ ನೀರಿನ ಪೈಪು, ಕರೆಂಟು ಲೈನುಗಳಿಗೆ ಕಾಯ್ದೆ ರಿಯಾಯಿತಿ ಕೊಟ್ಟಿದೆ. ಕೊಡಬೇಕಾದದ್ದೇ, ಹಳೆ ಊರಿನವರೂ ನೀರು ಕುಡಿಯಬೇಕಲ್ಲ. ಆದರೆ ರಿಯಾಯಿತಿ ಎಂದರೆ ಹೇಗೆ ಬೇಕಾದರೂ ಅಗೆಯಬಹುದು ಎಂದೇನೂ ಇಲ್ಲ. ನಮ್ಮ ಕಡೆ ಚರಂಡಿಗೆಂದು ಜೆಸಿಬಿ ತಂದು ಹಳೆಯ ಗೋಡೆಯ ಬುಡಕ್ಕೇ ಬಕೆಟು ಹಾಕಿದ್ದನ್ನು ನಾನೇ ನೋಡಿದ್ದೇನೆ. ಕೈಯಿಂದ ತೋಡಿದ್ದರೆ ಎರಡು ದಿನ ಜಾಸ್ತಿ ಹಿಡಿಯುತ್ತಿತ್ತು, ಅಷ್ಟೇ. ಅವ್ವನಿಗೆ ಹೇಳುವ ನಿಯಮವನ್ನು ಗುತ್ತಿಗೆದಾರರಿಗೂ ಹೇಳಿ.

ಈ ಪತ್ರ ಬರೆಯುತ್ತೇನೆ ಎಂದಾಗ ಕೆಲವು ಗೆಳೆಯರು, "100 ಮೀಟರ್ ನಿಯಮವನ್ನೇ ತೆಗೆಸಿ ಅಂತ ಬರಿ, ಊರೆಲ್ಲ ನಿನ್ನ ಹಿಂದೆ ಬರ್ತದ" ಎಂದರು. ಬರುತ್ತದೆ, ಗೊತ್ತು. ಆದರೂ ನಾನು ಬರೆಯಲಿಲ್ಲ. ಮದರಸಾ ಒಂದು ಸಲ ಪೆಟ್ಟು ತಿಂದಿದೆ. 1696ರಲ್ಲಿ ಮದ್ದಿನ ಸ್ಫೋಟದಲ್ಲಿ ಅದರ ಮುಂಭಾಗದ ಅರ್ಧ ಹಾರಿಹೋಯಿತು, ಎರಡು ಮಿನಾರುಗಳಲ್ಲಿ ಒಂದೇ ಉಳಿಯಿತು. ಉಳಿದ ಮಿನಾರಿನ ಮೇಲೆ ಅಂಕುಡೊಂಕು ಗೆರೆಯ ಬಣ್ಣದ ಬಿಲ್ಲೆಗಳು ಅಷ್ಟಿಷ್ಟು ಈಗಲೂ ಇವೆ. ಅದರ ಪಕ್ಕದಲ್ಲಿ ನೆಲಮಾಳಿಗೆ ತೋಡಿ, ಐದು ಮಹಡಿ ಎತ್ತಲು ಬಿಟ್ಟರೆ ಉಳಿದ ಅರ್ಧವೂ ಎಷ್ಟು ದಿನ ಇರುತ್ತದೆ? ಮತ್ತೆ, ಮದರಸಾ ಒಂದೇ ನಿಂತು ಸುತ್ತಲಿನ ಹಳೆ ಮನೆಗಳೆಲ್ಲ ಹೋದರೆ ಅದನ್ನು ಬೀದರ್ ಎನ್ನಲು ನನಗೆ ಬಾಯಿ ಬರುವುದಿಲ್ಲ. ಬಹಮನಿಗಳು ಕಲಬುರಗಿಯಿಂದ ರಾಜಧಾನಿ ಇಲ್ಲಿಗೆ ತಂದಾಗ ಬೆಳೆದದ್ದು ಕೋಟೆಯೊಂದೇ ಅಲ್ಲ. ಚೌಬಾರಾ ಎಂಬ ಕಾವಲು ಗೋಪುರವನ್ನು ನಡುವೆ ಇಟ್ಟುಕೊಂಡು ಬೀದಿಗಳು, ತಾಲೀಮುಗಳು, ಬಾವಿಗಳು, ಮನೆಗಳು ಎಲ್ಲ ಕೂಡಿ ಒಂದು ಊರು ಬೆಳೆಯಿತು.

ಹೊರಗಿನವರು ಇದನ್ನು ನಮಗಿಂತ ಮೊದಲು ಕಂಡರು. 2014ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಜಗತ್ತಿನಲ್ಲಿ ಅಪಾಯದಲ್ಲಿರುವ ತಾಣಗಳ ತನ್ನ ಪಟ್ಟಿಯಲ್ಲಿ ಬೀದರನ್ನು ಸೇರಿಸಿದಾಗ, ಒಂದು ಗುಂಬಜಿನ ಹೆಸರು ಬರೆಯಲಿಲ್ಲ, ಐತಿಹಾಸಿಕ ಬೀದರ್ ನಗರ ಎಂದೇ ಬರೆಯಿತು. ಅದೇ ವರ್ಷ ಡೆಕ್ಕನ್ ಸುಲ್ತಾನರ ಕೋಟೆ, ಸ್ಮಾರಕಗಳು ಎಂದು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಬೀದರ್, ಕಲಬುರಗಿ, ವಿಜಯಪುರ, ಹೈದರಾಬಾದಿನ ತಾಣಗಳು ಸೇರಿದವು. ಆ ಪಟ್ಟಿಯ ಮಾತನ್ನು ಉತ್ಸವದ ವೇದಿಕೆಗಳಲ್ಲಿ ನಾವೆಲ್ಲ ಬಹಳ ಸಲ ಕೇಳಿದ್ದೇವೆ. ಯುನೆಸ್ಕೊದವರು ನಾಳೆ ಬಂದರೆ ತೋರಿಸಲು ಅವ್ವನ ಮನೆಯಂಥ ಮನೆಗಳೂ ಉಳಿದಿರಬೇಕಲ್ಲವೇ? ಕಲಬುರಗಿಯಲ್ಲೂ ಕೋಟೆಯ ಒಳಗೆ, ಹಫ್ತ್ ಗುಂಬಜಿನ ಸುತ್ತ ಸಂಸಾರಗಳು ಇವೆ. ಅಲ್ಲಿನ ನೆಂಟರ ಜೊತೆ ಮಾತಿಗೆ ಕೂತರೆ ನಮ್ಮದೇ ಕಥೆ ಬೇರೆ ಹೆಸರುಗಳಲ್ಲಿ ಕೇಳಿಸುತ್ತದೆ.

ಹಾಗಾಗಿ ತಮ್ಮಲ್ಲಿ ನನ್ನ ಬೇಡಿಕೆಗಳು ದೊಡ್ಡವಲ್ಲ. ಹೊಸ ಕಾಯ್ದೆ ಬೇಡ, ಹೊಸ ಇಲಾಖೆ ಬೇಡ. ವಾರಕ್ಕೆ ಒಂದು ದಿನ, ಹಳೆ ಊರಿನಲ್ಲೇ ಎಲ್ಲಾದರೂ ಒಂದು ಕೋಣೆಯಲ್ಲಿ, ನಗರಾಡಳಿತದವರು ಒಬ್ಬರು, ಪುರಾತತ್ವದವರು ಒಬ್ಬರು ಒಟ್ಟಿಗೆ ಕೂರಲಿ. ಬಂದವರ ಕಾಗದ ನೋಡಲಿ, ಅರ್ಜಿ ತುಂಬಿಸಲಿ, ಆ ದಿನವೇ ದಿನಾಂಕ ಹಾಕಿದ ಸ್ವೀಕೃತಿ ಕೊಡಲಿ. ಆಗುವುದಿಲ್ಲ ಎಂದರೆ ಆಗುವುದಿಲ್ಲ ಎಂದು ಕಾರಣ ಸಮೇತ ಬರೆದು ಕೊಡಲಿ. "ಆಗಲ್ರಿ" ಎನ್ನುವ ಬಾಯಿಮಾತು ಇನ್ನು ಮುಂದೆ ಉತ್ತರ ಎನಿಸಿಕೊಳ್ಳಬಾರದು. ಉರ್ದು ಪತ್ರಗಳ ಭಾಷಾಂತರ ಮತ್ತು ಗಡಿಯ ಕಲ್ಲುಗಳ ಬಗ್ಗೆ ಮೇಲೆಯೇ ಹೇಳಿದ್ದೇನೆ.

ಮಳೆಗಾಲಕ್ಕೆ ಮುಂಚಿನ ಅರ್ಜಿಗಳಲ್ಲಿ ಬೀಳುವಂತಿರುವ ಮನೆಗಳನ್ನು ಬೇರೆ ತೆಗೆದು ಮೊದಲು ಕಳಿಸಿ. ಅನುಮತಿ ಬರುವವರೆಗೆ ಮನೆ ಬೀಳದಂತೆ ಮರದ ಆನಿಕೆ ಕೊಡಲು, ತಾಡಪತ್ರಿ ಹೊದಿಸಲು ಯಾರ ಒಪ್ಪಿಗೆಗೂ ಕಾಯಬೇಕಿಲ್ಲ ಎಂದು ಒಂದು ತಿಳಿವಳಿಕೆ ಪತ್ರ ಹೊರಡಿಸಿ. ಅಷ್ಟಕ್ಕೂ ಹೆದರಿ ಕೈಕಟ್ಟಿ ಕೂತ ಮನೆಗಳು ಇವೆ. ಪ್ರತಿ ಸ್ಮಾರಕಕ್ಕೂ ಉಪನಿಯಮ ಮಾಡಬೇಕು ಎಂದು 2010ರ ತಿದ್ದುಪಡಿ ಹೇಳುತ್ತದೆ. ನಮ್ಮ ಮದರಸಾಕ್ಕೆ, ಕೋಟೆಗೆ, ಅಷ್ಟೂರಿನ ಮತ್ತು ಬರೀದ್ ಶಾಹಿ ಗುಂಬಜಗಳಿಗೆ ಸಂಬಂಧಿಸಿದ ಉಪನಿಯಮಗಳನ್ನು, ಕರಡು ಆಗಿದ್ದರೂ ಸರಿ, ಕನ್ನಡದಲ್ಲಿ ಅಚ್ಚು ಹಾಕಿಸಿ ವಾರ್ಡಿನ ಕಚೇರಿಗಳಲ್ಲಿ ಇಡಿ. ಚುನಾ ಕೆಲಸ ಬಲ್ಲ ಗೌಂಡಿಗಳ ಹೆಸರುಗಳನ್ನು ಅಲ್ಲೇ ಗೋಡೆಗೆ ಹಚ್ಚಿ. ಕೋಟೆಯ ದುರಸ್ತಿಗೆ ಬರುವ ಹಿರಿಯ ಗೌಂಡಿಗಳ ಕೈಕೆಳಗೆ ಊರಿನ ಹುಡುಗರಿಗೆ ಕೂಲಿ ಕೊಟ್ಟು ಕಲಿಸಿದರೆ ಇನ್ನೂ ಒಳ್ಳೆಯದು. ಬಿದರಿ ಕೆಲಸಕ್ಕೆ ತರಬೇತಿ ಕೊಡುವ ಊರಿಗೆ ಇದೇನೂ ಹೊಸದಲ್ಲ.

ಕೊನೆಯದಾಗಿ, ಈ ಪ್ರದೇಶದಲ್ಲಿ ಕೊಟ್ಟ ಮತ್ತು ನಿರಾಕರಿಸಿದ ಎಲ್ಲ ಅನುಮತಿಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿಗೆ ಹಾಕಿ. ಎರಡು ತೊಲೆಯ ಅರ್ಜಿಯೂ ಅದರಲ್ಲಿರಲಿ, ಮಹಡಿ ಮೇಲೆ ಮಹಡಿಯ ಅರ್ಜಿಯೂ ಇರಲಿ. ಯಾರಿಗೆ ಏನು ಸಿಕ್ಕಿತು, ಎಷ್ಟು ದಿನದಲ್ಲಿ ಸಿಕ್ಕಿತು ಎಂದು ಊರು ಓದಲಿ.

ನನ್ನ ಕಡೆಯಿಂದ ಏನು ಮಾಡಬಹುದೋ ಅದನ್ನೂ ಹೇಳುತ್ತೇನೆ. ತಾವು ಆ ಕೋಣೆ ತೆರೆದರೆ, ದುರಸ್ತಿ ಅರ್ಜಿಗೆ ಬೇಕಾದ ನಕ್ಷೆಯನ್ನು ಒಂಟಿ ಹೆಂಗಸರಿಗೆ, ಕೂಲಿ ಮಾಡುವವರಿಗೆ ದುಡ್ಡು ತೆಗೆದುಕೊಳ್ಳದೆ ಬರೆದು ಕೊಡುತ್ತೇನೆ. ನನ್ನ ಕಸುಬಿನ ಇನ್ನೂ ಕೆಲವರು ಒಪ್ಪಿದ್ದಾರೆ.

ಅವ್ವನ ಮಾಳಿಗೆಯ ಕುಸಿದ ಮೂಲೆಗೆ ಸದ್ಯ ತಗಡು ಹೊದಿಸಿದ್ದೇವೆ. ಗೋಡೆಗಳು ಇನ್ನೂ ಗಟ್ಟಿ ಇವೆ, ಕಮಾನುಗಳೂ ಇವೆ. ಅಂದರೆ ಕಾನೂನಿನ ಪ್ರಕಾರ ಅದು ಇನ್ನೂ ದುರಸ್ತಿ ಮಾಡಬಹುದಾದ ಮನೆ. ಅರ್ಜಿ, ಅಳತೆಯ ನಕ್ಷೆ, ಫೋಟೊಗಳು, ಹಳೆ ತೆರಿಗೆ ರಸೀದಿ, ಉರ್ದು ಪತ್ರ ಮತ್ತು ಅದರ ಭಾಷಾಂತರ ಎಲ್ಲ ಸಿದ್ಧ ಇವೆ. ಯಾವ ದಿನ, ಯಾವ ಕಚೇರಿಗೆ, ಯಾರ ಕೈಗೆ ಕೊಡಬೇಕು ಎಂದು ದಯವಿಟ್ಟು ಬರಹದಲ್ಲಿ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಬೀದರ್ ಹಳೆ ಊರಿನ ಒಬ್ಬ ನಕ್ಷೆಗಾರ